ಮಗ್ಗುಲ ಕೋಶದ ಪಾಠ

ಸುಮ್ಮನೆ ಕೂರುವುದು ನನಗೆ ಜನ್ಮದಲ್ಲೇ ಬರಲಿಲ್ಲ. ತಂಗಿಗೆ ಗರ್ಭಕೋಶದ ಕ್ಯಾನ್ಸರ್ ಆಗಿ ರಾಯಚೂರಿನಲ್ಲಿ ರೇಡಿಯೇಶನ್ ಕೊಡುತ್ತಿದ್ದ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದಕ್ಕಿಂತ ನಾನು ಓಡಾಡಿದ್ದೇ ಹೆಚ್ಚು.

ಒಂದು ದಿನ ಡಾಕ್ಟರು, ರಕ್ತದಲ್ಲಿ ಬಿಳಿ ಕಣಗಳು ಇಳಿದಿವೆ, ಸ್ವಲ್ಪ ದಿನ ಕಿರಣ ಕೊಡುವುದನ್ನು ತಡೆಯೋಣ ಎಂದರು. ಪೋತ್ನಾಳದ ಅವಳ ಮನೆಗೆ ಹೊರಟ ಬಸ್ಸಿನಲ್ಲಿ ತಂಗಿ, ಕಿರಣ ಬಿದ್ದದ್ದು ಕಿಬ್ಬೊಟ್ಟೆಗೆ, ರಕ್ತ ಯಾಕೆ ಸೋತಿತು ಎಂದು ಕೇಳಿದಳು. ಕೇಳಬಾರದವಳನ್ನು ಕೇಳಿದಳು. ದೇವದುರ್ಗದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು ನಾನು. ರಕ್ತ ಹುಟ್ಟುವುದೇ ಎಲುಬಿನ ಮಜ್ಜೆಯಲ್ಲಿ, ಸೊಂಟದ ಎಲುಬಿನಲ್ಲಿ ಅದು ಬಹಳ ಎಂದೆ. ಅಷ್ಟಕ್ಕೇ ಬಿಡಬಾರದಿತ್ತೇ? ಕಿರಣ ತಾಗಿದ ಕೋಶ ಸುಮ್ಮನಿರುವುದಿಲ್ಲ, ಮಗ್ಗುಲಿನ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ, ಕಿರಣವನ್ನೇ ಕಾಣದ ಆ ಕೋಶವೂ ಒಮ್ಮೊಮ್ಮೆ ಕೆಡುತ್ತದೆ ಎಂದು ಪೋತ್ನಾಳ ಬರುವವರೆಗೂ ಕೈ ಆಡಿಸಿ ವಿವರಿಸಿದೆ. ಅವಳು ನನ್ನಿಂದ ಕಿಟಕಿಯ ಕಡೆ ಸರಿದು ಕೂತಳು. ಸೆಕೆಗೆ ಇರಬೇಕು ಅಂದುಕೊಂಡೆ.

ಆಮೇಲೆ ಫೋನ್ ಮಾಡಿದಾಗಲೆಲ್ಲ ಮಗಳು ಅಜ್ಜಿಯ ಹತ್ತಿರ ಇದ್ದಾಳೆ ಎನ್ನುತ್ತಿದ್ದಳು. ಐದು ವರ್ಷದ ಕೂಸು, ಅವ್ವನ ಸೆರಗು ಬಿಟ್ಟು ಇದ್ದದ್ದೇ ಇಲ್ಲ. ಹತ್ತನೆಯ ದಿನ ಬಸ್ಸು ಹತ್ತಿದೆ.

ಪಡಸಾಲೆಯಲ್ಲಿ ತಂಗಿಯ ಅತ್ತೆ ಕೂಸಿಗೆ ಉಣಿಸುತ್ತಿದ್ದರು. ತಂಗಿ ಒಳಗೆ ಒಬ್ಬಳೇ. ಬೇರೆ ತಾಟು, ಬೇರೆ ಚೊಂಬು, ಬೇರೆ ಚಾಪೆ. ನನಗೆ ನೆತ್ತಿಗೇರಿತು. ಹೋಟೆಲಿನಲ್ಲಿ ನಮ್ಮಪ್ಪನಿಗೆ ಬೇರೆ ಲೋಟ ಇಟ್ಟದ್ದು ಸಾಲದೇ, ಈಗ ಮನೆಯೊಳಗೂ ಶುರುವೇ ಎಂದು ಆ ಹಿರಿಯಳ ಮೇಲೆ ಹರಿಹಾಯ್ದೆ. ಅವರು ಪಾಪ, ಕೂಸಿನ ಬಾಯಿ ಒರೆಸಿ ತಾಟು ಬದಿಗಿಟ್ಟರು.

"ಅತ್ತಿಗ್ಯಾಕ ಬೈತಿ ಯಕ್ಕಾ?" ಎಂದಳು ತಂಗಿ. "ಮಗ್ಗಲದಾಗ ಇದ್ದದ್ದೂ ಕೆಡ್ತದ ಅಂತ ನೀನ ಹೇಳಿದ್ದಿ. ನನ್ನ ಮಗ್ಗಲದಾಗ ಮಲಗಾಕಿ ನನ್ನ ಮಗಳು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಮೊದಲು ಅತ್ತೆಯ ಕೈ ಹಿಡಿದು ತಪ್ಪಾಯಿತೆಂದೆ. ಕೋಶಗಳ ಆ ಸುದ್ದಿ ಮೈಯೊಳಗಿನದು, ಇನ್ನೊಬ್ಬರ ಮೈಗೆ ದಾಟುವುದಿಲ್ಲ, ಯಂತ್ರ ನಿಂತ ಮೇಲೆ ಕಿರಣವೂ ಉಳಿಯುವುದಿಲ್ಲ ಎಂದು ತಂಗಿಗೆ ಎಷ್ಟು ಹೇಳಿದರೂ ನಂಬಿಕೆ ಇಲ್ಲ. ಕೊನೆಗೆ ಆಸ್ಪತ್ರೆಯ ನರ್ಸಿಗೆ ಫೋನ್ ಹಚ್ಚಿ ಅವರ ಬಾಯಿಂದಲೇ ಹೇಳಿಸಿ, ಕೂಸನ್ನು ಎತ್ತಿ ತಂದು ಅವಳ ತೊಡೆಯ ಮೇಲೆ ಕೂರಿಸಿದೆ. ಎಲ್ಲಿ ತಾಗೀತೋ ಎಂದು ಅವಳು ಎರಡೂ ಕೈ ಮೇಲೆತ್ತಿದಳು.

"ಖರೇನ ಏನೂ ಆಗಂಗಿಲ್ಲಲ್ಲ, ಯಕ್ಕಾ?"

"ಆಗಂಗಿಲ್ಲವ್ವಾ."

ಕೂಸು ಆ ಕೈಗಳನ್ನು ಹಿಡಿದು ತನ್ನ ಮೇಲೆ ಎಳೆದುಕೊಂಡು ಅವ್ವನ ಮುಖ ನೋಡಿತು.

"ಯವ್ವಾ, ನನ್ನ ಮ್ಯಾಲಿನ ಸಿಟ್ಟು ಹೋತೇನು?"