ತಾತನ ಬಲಗಡೆಯ ಜಾಗ

ಪುಟ್ಟೂ, ಚಿನ್ನೂ, ಎದುರು ನಿಂತು ಮಾತಾಡಲು ನನಗೆ ಬರುವುದಿಲ್ಲ, ನಿಮಗೇ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ತಾತನ ಸಮಾಧಿಯ ಪಕ್ಕ ಬೇರೆ ಯಾರೋ ಯಾಕೆ ಮಲಗಿದ್ದಾರೆ ಎಂದು ಹೋದ ಸಲ ಬಂದಾಗ ಕೇಳಿದಿರಿ. ನಿಮ್ಮಪ್ಪ ಎದ್ದು ಹೊರಗೆ ಹೋದ. ನಾನು ಒಲೆ ಊದುತ್ತಾ ಕೂತೆ.

ಆ ಜಾಗ ನನ್ನದಾಗಿತ್ತು. ನಿಮ್ಮ ತಾತನಿಗೆ ಬೆಳಿಗ್ಗೆ ತಾನಾಗಿ ಎಚ್ಚರವಾದದ್ದೇ ಇಲ್ಲ. ಎಸ್ಟೇಟಿನ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ನಾನು ಪಾದ ಹಿಡಿದು ಅಲ್ಲಾಡಿಸಬೇಕು. ಕೊನೆಯ ಕಾಯಿಲೆಯಲ್ಲಿ ಒಂದು ದಿನ, "ಸ್ವಾಮಿ ಬರೋ ದಿನ ಸತ್ತೋರ್ನ ಎಬ್ಬಿಸೋ ತುತೂರಿ ಊದಿದ್ರೂ ನಂಗೆ ಕೇಳ್ಸಲ್ಲ ಕಣೇ. ನನ್ ಬಲಗಡೆ ನಿಂಗೆ ಜಾಗ ಬಿಡಾಕೆ ಚರ್ಚಿನ ಹಿರಿಯರಿಗೆ ಹೇಳಿವ್ನಿ. ನೀನೇ ಎಬ್ಬಿಸ್ಬೇಕು" ಎಂದರು.

"ಅಲ್ಲೂ ನಂಗೆ ಇದೇ ಕೆಲ್ಸನಾ?" ಎಂದೆ. ನಕ್ಕರು, ಆಮೇಲೆ ತುಂಬ ಹೊತ್ತು ಕೆಮ್ಮಿದರು.

ಅವರು ಹೋದ ಮೇಲೆ ಭಾನುವಾರ ಆರಾಧನೆ ಮುಗಿಸಿ ಚರ್ಚಿನ ಸ್ಮಶಾನಕ್ಕೆ ಹೋಗಿ ಅವರ ಜಾಗದ ಕಳೆ ಕೀಳುತ್ತಿದ್ದೆ, ನನ್ನದರದ್ದೂ ಕೀಳುತ್ತಿದ್ದೆ.

ಹೊಂಗಡಹಳ್ಳದ ಕಡೆಯ ನಮ್ಮ ಎಸ್ಟೇಟಿಗೆ ಜಾರ್ಖಂಡಿನಿಂದ ಒಬ್ಬ ಹುಡುಗ ಹೆಂಡತಿಯ ಜೊತೆ ಕೆಲಸಕ್ಕೆ ಬಂದಿದ್ದ. ಕೂಲಿಯವರ ಸಾಲುಮನೆಗಳ ನಮ್ಮ ಲೈನಿನಲ್ಲೇ ಮನೆ. ಚರ್ಚಿನಲ್ಲಿ ಇಬ್ಬರೂ ಹಿಂದಿನ ಚಾಪೆಯಲ್ಲಿ ಕೂರುತ್ತಿದ್ದರು. ನಮ್ಮ ಹಾಡಿನ ಮಾತು ಗೊತ್ತಿಲ್ಲ, ರಾಗ ಮಾತ್ರ ಗುನುಗುತ್ತಿದ್ದರು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ ಶುರುವಾಯಿತು. ಅವನು ಸಿಲ್ವರ್ ಓಕ್ ಮೇಲಿಂದ ಬಿದ್ದ. ಸಕಲೇಶಪುರದ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಹೆಂಡತಿ ಬಸುರಿ.

ಮರುದಿನ ಆಸ್ಪತ್ರೆಯಿಂದ ಹೆಣ ಕೊಟ್ಟರು. ಅಷ್ಟು ದೂರದ ಊರಿಗೆ ಒಯ್ಯುವಂತಿರಲಿಲ್ಲ. ತೋಟದಲ್ಲಿ ಹೂಳಲು ಮಾಲೀಕರು ಒಪ್ಪಲಿಲ್ಲ. ಜೀಪು ಬಂದು ಚರ್ಚಿನ ಮುಂದೆ ನಿಂತಿತು.

"ಬಂದ್ ಕೂತ್ರೂ ನಮ್ ಸಭೆ ಸೇರಿದೋನಲ್ಲ. ಅದೂ ಅಲ್ದೆ ಜಾಗ ಎಲ್ಲೈತೆ ಮಾರಾಯ? ಆ ಕಡೆ ಬಂಡೆ, ಈ ಕಡೆ ಹಳ್ಳ" ಎಂದರು ಸಭೆಯ ಹಿರಿಯರೊಬ್ಬರು. ಅದು ಸುಳ್ಳಲ್ಲ.

"ಬೇಗ ಹೇಳ್ರಪ್ಪ, ಕತ್ಲಾದ್ರೆ ಆನೆ ಇಳೀತವೆ" ಎಂದ ಜೀಪಿನವನು.

ಜೀಪಿನೊಳಗೆ ಆ ಹುಡುಗಿ ಗಂಡನ ಪಾದ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದಳು.

ದೇವರ ರಾಜ್ಯ ಬರಲಿ ಎಂದು ನಾನು ದಿನವೂ ಬೇಡುತ್ತೇನೆ. ಅಲ್ಲಿ ನೀನು ಯಾವ ಸಭೆಯವನು ಎಂದು ಯಾರೂ ಕೇಳುವುದಿಲ್ಲ ಎಂದು ನಂಬಿದ್ದೇನೆ. ಹಾಗೆ ನಂಬಿದವಳು ಆ ಅಂಗಳದಲ್ಲಿ ಸುಮ್ಮನೆ ನಿಲ್ಲುವುದು ಹೇಗೆ? ಆದರೆ ಕೊಡಲು ಮನಸ್ಸಿರಲಿಲ್ಲ. ಕೊನೆಗೆ ಮೆಲ್ಲಗೆ, "ನನ್ ಜಾಗ ಐತಲ್ಲ" ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

"ಅವ್ವಾ, ತಲೆ ಕೆಟ್ಟೈತಾ? ನಾಳೆ ನಿನ್ನ ಎಲ್ಲಿಡ್ಲಿ? ಅಪ್ಪಂಗೆ ಏನ್ ಹೇಳ್ತೀಯ?" ಎಂದು ನಿಮ್ಮಪ್ಪ ಎಲ್ಲರೆದುರು ಕೂಗಾಡಿದ.

"ಅವರಿಗೆ ನಾನೇ ಹೇಳ್ಕೊತೀನಿ ಕಣೋ."

ಗುಂಡಿ ತೋಡಲು ಅವನು ಬರಲಿಲ್ಲ. ಗುದ್ದಲಿ ಬಿದ್ದಾಗ ತಾತನ ಕಡೆಯ ಮಣ್ಣು ಸ್ವಲ್ಪ ಜರಿಯಿತು. ನಾನು ಕೈಯಿಂದ ಒತ್ತಿದೆ.

ಆ ಹುಡುಗಿಯನ್ನು ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಮಗು ಉಳಿಯಿತೋ ಇಲ್ಲವೋ, ಸುದ್ದಿಯಿಲ್ಲ. ಒಳ್ಳೆಯದು ಮಾಡಿದೆ ಎಂಬ ಸಮಾಧಾನವೂ ನನಗೆ ಸಿಕ್ಕಿಲ್ಲ. ಕೆಲವು ಭಾನುವಾರ ಆ ಮಣ್ಣನ್ನು ನೋಡಿದರೆ ಸಿಟ್ಟು ಬರುತ್ತದೆ. ಆದರೂ ಕೂತು ಎರಡರ ಕಳೆಯನ್ನೂ ಕೀಳುತ್ತೇನೆ. ಸ್ವಾಮಿಯನ್ನು ಹಿಂಬಾಲಿಸುವುದೆಂದರೆ ನನ್ನ ಕೈಯಲ್ಲಿ ಆಗುವುದು ಅಷ್ಟೇ.

ನನ್ನ ದಿನ ಬಂದಾಗ ನಿಮ್ಮಪ್ಪ ಜಾಗಕ್ಕಾಗಿ ಹಿರಿಯರ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಆಗ ಇದನ್ನು ಅವನಿಗೆ ಓದಿ ಹೇಳಿ. ಬಂಡೆಯ ಆಚೆಯಾಗಲಿ, ಎಲ್ಲಿ ಮಣ್ಣು ಸಿಕ್ಕರೂ ಸಾಕು. ತುತೂರಿ ಊದುವ ಆ ಬೆಳಿಗ್ಗೆ ನಾನು ನಡೆದು ಹೋಗಿಯೇ ತಾತನನ್ನು ಎಬ್ಬಿಸುತ್ತೇನೆ. ನನ್ನ ದಿನ ಬರುವವರೆಗೆ ಈ ಹಾಳೆಗಳನ್ನು ಶೀತ ತಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.