ಬಲೂನಿನ ಮನೆಯ ಸೊಸೆ

ಅತ್ತೆ ಅವಳಿಗೆ ಇಟ್ಟ ಹೆಸರು ಬುಗುರಿ. ಮದುವೆಯಾದ ಹೊಸದರಲ್ಲಿ ಊಟಕ್ಕೆ ಕೂತವಳು ಉಪ್ಪಿಗೆಂದು ಒಮ್ಮೆ, ನೀರಿಗೆಂದು ಒಮ್ಮೆ, ಯಾವುದಕ್ಕೂ ಅಲ್ಲದೆ ಇನ್ನೊಮ್ಮೆ ಎದ್ದದ್ದನ್ನು ಕಂಡು ಅತ್ತೆ, "ಇವಳನ್ನ ಯಾರೋ ದಾರ ಸುತ್ತಿ ಬಿಟ್ಟಿದಾರೆ ಕಣೋ" ಎಂದು ಮಗನಿಗೆ ಹೇಳಿದ್ದರು. ಹೆಸರು ಅಂಟಿಕೊಂಡಿತು. ಬುಗುರಿಗೂ ಅದರಿಂದ ಬೇಸರವೇನೂ ಆಗಲಿಲ್ಲ.

ಆ ಮನೆಯವರ ಕಸುಬು ಬಲೂನು. ಎರಡು ಬೀದಿ ಆಚೆ, ತಗಡಿನ ಸೂರಿನ ಕೆಳಗೆ ಒಂದು ಉದ್ದನೆಯ ಕೋಣೆ. ಬಾಗಿಲ ಬಳಿ ರಬ್ಬರ್ ಹಾಲಿನ ಪೀಪಾಯಿಗಳು. ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರಿಸುವ ಘಾಟು. ಹಲಗೆಯೊಂದಕ್ಕೆ ಸಾಲಾಗಿ ಬಿಗಿದ ಅಚ್ಚುಗಳನ್ನು ಗಂಡ ತಲೆಕೆಳಗಾಗಿ ಬಣ್ಣದ ಹಾಲಿನಲ್ಲಿ ಅದ್ದಿ, ನಿಧಾನವಾಗಿ ಎತ್ತಿ, ಬಿಸಿ ಕಪಾಟಿನಲ್ಲಿ ಒಣಗಿಸುತ್ತಿದ್ದ. ಒಣಗಿದ ಮೇಲೆ ಒಂದಕ್ಕೊಂದು ಅಂಟದಂತೆ ಬಿಳಿ ಪುಡಿ ಹಚ್ಚಿ, ಅಚ್ಚಿನಿಂದ ಬಲೂನುಗಳನ್ನು ಎಳೆದು ಬಿಚ್ಚುವುದು, ನಡುನಡುವೆ ಒಂದೊಂದನ್ನು ಬಾಯಿಂದ ಊದಿ ತೂತಿದೆಯೇ ಎಂದು ನೋಡುವುದು ಬುಗುರಿಯ ಕೆಲಸ. ಅವಳಷ್ಟು ಚುರುಕಾಗಿ ಬಿಚ್ಚುವವರು ಆ ಮನೆಯಲ್ಲಿ ಹಿಂದೆ ಇರಲಿಲ್ಲ. ಪಟ್ ಪಟ್ ಪಟ್ ಎಂಬ ಸದ್ದು ಬೀದಿಯವರೆಗೂ ಕೇಳುತ್ತಿತ್ತು. ಸಂಜೆ ಗಂಡ ಹೆಂಡತಿ ಇಬ್ಬರೂ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಬೆಳ್ಳಗಾಗಿ ಮನೆಗೆ ಬರುತ್ತಿದ್ದರು. ಗಂಡ ಮಾತ್ರ ಬಾಗಿಲಲ್ಲೇ ನಿಂತು ಜೇಬಿನಿಂದ ಬಾಚಣಿಗೆ ತೆಗೆದು ಗುಂಗುರು ಕೂದಲನ್ನು ಕೊಡವಿ ಬಾಚಿಕೊಳ್ಳುತ್ತಿದ್ದ. ಆ ಕೂದಲಿನ ಮೇಲೆ ಅವನಿಗೆ ತುಂಬ ಮೋಹ.

ನಾಲ್ಕನೆಯ ವರ್ಷ ಅವಳಿಗೆ ತುರಿಕೆ ಶುರುವಾಯಿತು. ಮೊದಲು ಬೆರಳ ಸಂದಿ, ಆಮೇಲೆ ಮಣಿಕಟ್ಟು, ಕತ್ತು. ಸೀನು ಬಂದರೆ ನಿಲ್ಲುತ್ತಿರಲಿಲ್ಲ. ಬಲೂನು ಊದಿದ ದಿನ ತುಟಿ ದಪ್ಪಗಾಗುತ್ತಿತ್ತು. ಸೋಪು ಬದಲಾಯಿಸಿದಳು, ಕೊಬ್ಬರಿ ಎಣ್ಣೆ ಹಚ್ಚಿದಳು. ಬೆರಳಿಗೆ ನೀರು ತಾಗಬಾರದೆಂದು ರಬ್ಬರ್ ಕೈಗವಸು ತಂದು ಹಾಕಿಕೊಂಡಳು. ಕೈ ಇನ್ನಷ್ಟು ಕೆಂಪಾಯಿತು.

"ಪುಡಿ ಆಗಿಬರ್ತಿಲ್ಲ ಅನ್ಸತ್ತೆ" ಎಂದಳು.

"ಈ ಹಾಲಲ್ಲೇ ನಾನು ನಿನ್ನ ಗಂಡನ್ನ ಸಾಕಿದ್ದು. ನಂಗೆ ಬರದೆ ಇರೋ ತುರಿಕೆ ನಿಂಗ್ಯಾಕೆ ಬಂತು? ಒಂದು ಕಡೆ ಕೂತು ಮಾಡಿದ್ರೆ ಎಲ್ಲ ಸರಿಹೋಗತ್ತೆ" ಎಂದರು ಅತ್ತೆ.

ಗಂಡ ಅತ್ತ ಹಾಂ ಎಂದ, ಇತ್ತ ಹೂಂ ಎಂದ.

ನಿಜ ಬಯಲಾದದ್ದು ಹಲ್ಲಿನಿಂದ. ದವಡೆ ನೋವೆಂದು ಗಂಡನ ಜೊತೆ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋಗಿದ್ದಳು. ಡಾಕ್ಟರಮ್ಮ ರಬ್ಬರ್ ಕೈಗವಸು ತೊಟ್ಟು ಬಾಯೊಳಗೆ ಬೆರಳಿಟ್ಟು ಇನ್ನೂ ಹಲ್ಲು ತಟ್ಟಿರಲಿಲ್ಲ, ಬುಗುರಿಯ ತುಟಿ ಉಬ್ಬಿತು, ಕಣ್ಣು ಮುಚ್ಚಿಕೊಂಡಿತು, ಗಂಟಲು ಯಾರೋ ಹಿಸುಕಿದಂತೆ ಬಿಗಿಯಿತು. ಡಾಕ್ಟರಮ್ಮ ಕೈಗವಸು ಕಿತ್ತೆಸೆದು ತೊಡೆಗೆ ಸೂಜಿ ಚುಚ್ಚಿದರು. ಉಸಿರು ಸರಾಗವಾದ ಮೇಲೆ ಕೇಳಿದರು, "ಏನು ಕೆಲಸ ಮಾಡ್ತೀಯಮ್ಮಾ?"

"ಬಲೂನು."

"ಬಾಳೆಹಣ್ಣು ತಿಂದ್ರೆ ಗಂಟಲು ಕೆರೆಯತ್ತಾ?"

ಕೆರೆಯುತ್ತಿತ್ತು. ತನಗೆ ಬಾಳೆಹಣ್ಣು ಹಿಡಿಸುವುದಿಲ್ಲ ಎಂದಷ್ಟೇ ಅವಳು ತಿಳಿದಿದ್ದಳು.

"ರಬ್ಬರ್ ಆಗದ ಎಷ್ಟೋ ಜನಕ್ಕೆ ಬಾಳೆಹಣ್ಣೂ ಆಗಲ್ಲ. ಬಲೂನಿನ ರಬ್ಬರ್ ಮರದ ಹಾಲಿಂದ ಬಂದಿದ್ದು. ಪ್ಲಾಸ್ಟಿಕ್ ಮುಟ್ಟು, ಗಾಜು ಮುಟ್ಟು, ಕಬ್ಬಿಣ ಮುಟ್ಟು, ಏನೂ ಆಗಲ್ಲ. ಈ ರಬ್ಬರ್ ಹತ್ರ, ಅದು ಅಂಟಿದ ಪುಡಿ ಹತ್ರ ಮಾತ್ರ ಸುಳೀಬೇಡ. ಇನ್ನೊಂದು ಸಲ ಹೀಗಾದ್ರೆ ಹತ್ತಿರ ಸೂಜಿ ಇರಲ್ಲ" ಎಂದು ಹೇಳಿ, ದೊಡ್ಡಾಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಲು ಕಳಿಸಿದರು. ಅಲ್ಲಿಯೂ ಅದನ್ನೇ ಹೇಳಿದರು.

ಕಾಡಿನ ಮರದಿಂದ ಬಂದದ್ದು ಕೊಲ್ಲುತ್ತದೆ, ಕಾರ್ಖಾನೆಯ ಬಕೆಟ್ಟು ಏನೂ ಮಾಡುವುದಿಲ್ಲ ಎಂಬುದು ಅತ್ತೆಯ ತಲೆಗೆ ಹೋಗಲೇ ಇಲ್ಲ. "ಕೆಲಸ ತಪ್ಪಿಸ್ಕೊಳ್ಳೋಕೆ ಡಾಕ್ಟರ್ ಬಾಯಲ್ಲಿ ಹೇಳಿಸಿದಾಳೆ" ಎಂದರು. ಬುಗುರಿ ಕಿವಿಗೆ ಹಾಕಿಕೊಳ್ಳದೆ ಮನೆ ಜಾಲಾಡಿದಳು. ಕಾಲೊರೆಸುವ ಚಾಪೆ, ಬಿಸಿನೀರಿನ ಚೀಲ, ಹಳೆಯ ಚಪ್ಪಲಿ, ಡಬ್ಬಿಗಳಿಗೆ ಹಾಕಿದ್ದ ರಬ್ಬರ್ ಬ್ಯಾಂಡುಗಳು, ಎಲ್ಲ ಹೊರಗೆ ಹೋದವು. ಲಂಗದ ಎಲಾಸ್ಟಿಕ್ ಕಿತ್ತು ಹತ್ತಿಯ ಲಾಡಿ ಪೋಣಿಸಿದಳು.

ಕಾರ್ಖಾನೆಗೆ ಹೋಗುವುದು ಬಿಟ್ಟ ಒಂದು ವಾರಕ್ಕೆ ಕೈಯ ಉರಿ ತಣ್ಣಗಾಯಿತು. ಆದರೆ ಮನೆಯಲ್ಲಿ ಕೂರುವುದು ಹೇಗೆ? ಒರೆಸಿದ ಪಾತ್ರೆಯನ್ನೇ ಒರೆಸಿದಳು. ಕಪಾಟನ್ನು ಈ ಗೋಡೆಯಿಂದ ಆ ಗೋಡೆಗೆ ತಳ್ಳಿ ಮರುದಿನ ಮತ್ತೆ ಇಲ್ಲಿಗೇ ತಂದಳು. ಕಿಟಕಿಗೂ ಬಾಗಿಲಿಗೂ ಶತಪಥ ಹಾಕಿದಳು. ಬೀದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರೆ ಸಾಕು, ಬಲೂನು ಬಿಚ್ಚುವ ಸದ್ದೆನಿಸಿ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತಿದ್ದವು. ಅದಕ್ಕಿಂತ ಕಷ್ಟವಾದದ್ದು ಗಂಡ. ಅವನು ಸ್ನಾನ ಮಾಡಿ, ಬಟ್ಟೆ ಬದಲಿಸಿ ಪಕ್ಕದಲ್ಲಿ ಬಂದು ಕೂತರೂ ಗುಂಗುರಿನ ಬುಡದಲ್ಲಿ ಪುಡಿ ಉಳಿದಿರುತ್ತಿತ್ತು. ಅವಳು ಸೀನುತ್ತ ಎದ್ದುಹೋಗುತ್ತಿದ್ದಳು. ಅವನು ಕೋಣೆಯ ಆ ಮೂಲೆ, ಅವಳು ಈ ಮೂಲೆ.

"ಈ ಕಸುಬು ಬಿಟ್ಬಿಡಿ" ಎಂದಳು ಒಂದು ದಿನ.

"ಬಿಟ್ಟು? ನಂಗೆ ಇನ್ನೇನು ಬರತ್ತೆ?"

"ಹಾಗಾದ್ರೆ ನಾನೇ ಹೊರಗೆ ಹೋಗಿ ದುಡೀತೀನಿ."

"ನಮ್ಮದೇ ಕಾರ್ಖಾನೆ ಇಟ್ಕೊಂಡು ಯಾರದೋ ಅಂಗಡೀಲಿ?" ಅವನ ಮುಖ ಸಣ್ಣದಾಯಿತು. ಅವಳು ಹೋಗಿಯೇ ಹೋದಳು.

ಗೋಣಿಚೀಲ ಹೊಲಿಯುವಲ್ಲಿಗೆ ಹೋದರೆ ಧೂಳು. ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಮೈಗೇನೂ ತೊಂದರೆಯಿಲ್ಲ, ಆದರೆ ಬಕೆಟ್ಟುಗಳ ನಡುವೆ ಇನ್ನೊಂದು ಬಕೆಟ್ಟಿನಂತೆ ಕೂತಿರಬೇಕು. ಮೂರೇ ದಿನಕ್ಕೆ ಬಿಟ್ಟಳು. ಕೊನೆಗೆ ಕಿಟಕಿಗಾಜು ಕತ್ತರಿಸುವ ಅಂಗಡಿಯ ಮುಂದೆ ನಿಂತಳು. ಅಂಗಡಿಯ ಮುದುಕ ಮೇಜಿನ ಮೇಲೆ ಗಾಜಿನ ಹಾಳೆ ಇಟ್ಟು, ಚಿಕ್ಕ ಚಕ್ರದ ಕತ್ತರಿಯನ್ನು ಸರ್ರನೆ ಎಳೆದು, ಗೀರನ್ನು ಮೇಜಿನ ಅಂಚಿಗೆ ತಂದು ಒತ್ತಿದ. ಗಾಜು ಟಕ್ಕೆಂದು ಎರಡಾಯಿತು.

"ನನಗೂ ಕಲಿಸ್ತೀರಾ?"

"ಕೈ ನಡುಗತ್ತಾ?"

"ನಡುಗಲ್ಲ. ಸುಮ್ನೆ ಇರಲ್ಲ, ಅಷ್ಟೆ."

ಮುದುಕ ನಕ್ಕ. "ಸುಮ್ನೆ ಇರೋ ಕೈ ನಂಗೂ ಬೇಡ. ಗೀರು ಶುರು ಮಾಡಿದ್ರೆ ಆ ತುದಿವರೆಗೂ ನಿಲ್ಲಿಸಬಾರದು. ನಡುವೆ ಯೋಚನೆ ಮಾಡಿದ್ಯೋ, ಗಾಜು ತಾನೇ ದಾರಿ ಹುಡುಕ್ಕೊಳ್ಳತ್ತೆ."

ಮೊದಲ ವಾರ ಅವಳು ಒಡೆದದ್ದೇ ಹೆಚ್ಚು. ಗಾಜು ಬಾಗುವುದಿಲ್ಲ, ಹಿಗ್ಗುವುದಿಲ್ಲ, ತಪ್ಪನ್ನು ನುಂಗಿಕೊಳ್ಳುವುದಿಲ್ಲ. ಸಿಟ್ಟಿನಿಂದ ಮನೆಗೆ ಹೋಗಿ, ಬೆಳಗಾದರೆ ಮುದುಕನಿಗಿಂತ ಮೊದಲು ಅಂಗಡಿಯ ಮುಂದೆ ನಿಂತಿರುತ್ತಿದ್ದಳು. ಹಾಳಾದ ಚೂರುಗಳ ಮೇಲೆ ಗೀರಿ ಗೀರಿ ಕೊನೆಗೆ ಕೈ ಹದಕ್ಕೆ ಬಂತು.

ಅತ್ತೆಯ ಅನುಮಾನ ಮಾತ್ರ ಹೋಗಲಿಲ್ಲ. ಒಂದು ಮಧ್ಯಾಹ್ನ ಅವರು ಕಾರ್ಖಾನೆಯಿಂದ ಒಂದು ಮುಷ್ಟಿ ಹೊಸ ಬಲೂನು ತಂದು, ಅಡುಗೆಮನೆಯಲ್ಲಿ ಪುಡಿ ಹಾರುವಂತೆ ಚೆನ್ನಾಗಿ ಕೊಡವಿ, ಪಾತ್ರೆಗಳ ಹಿಂದೆ ಬಚ್ಚಿಟ್ಟರು. ಕಣ್ಣಿಗೆ ಕಾಣದಿದ್ದರೆ ಇವಳಿಗೆ ತುರಿಕೆಯೂ ಬರುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಬುಗುರಿ ಊಟಕ್ಕೆ ಬಂದಳು. ಅನ್ನ ಬಡಿಸಿಕೊಳ್ಳುವಷ್ಟರಲ್ಲಿ ಸೀನು ಬಂತು, ಹಿಂದೆಯೇ ಕೆಮ್ಮು. ಎದೆಯೊಳಗೆ ಸಿಳ್ಳೆಯಂಥ ಸದ್ದೆದ್ದಿತು. ಗೋಡೆ ಹಿಡಿದು ಹೊರಗೆ ಹೋಗಲು ನೋಡಿದವಳು ಹೊಸ್ತಿಲಲ್ಲೇ ಕುಸಿದಳು.

ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿ, ಹೋಗುತ್ತಿದ್ದ ಆಟೋಗೆ ಅಡ್ಡ ನಿಂತು, ಸೊಸೆಯನ್ನು ಎತ್ತಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ, "ಎದ್ದೇಳೇ ಬುಗುರಿ, ಬೈಯೇ ನನ್ನ, ಏನಾದ್ರೂ ಅನ್ನೇ" ಎನ್ನುತ್ತಿದ್ದರು.

ಸಂಜೆ ಬುಗುರಿ ಹಾಸಿಗೆಯಲ್ಲಿ ಎದ್ದು ಕೂತಾಗ, ಅತ್ತೆ ಮಗನ ಮುಂದೆಯೇ ಹೇಳಿದರು, "ನಾನೇ ತಂದಿಟ್ಟಿದ್ದು. ನೋಡೋಣ ಅಂತ."

"ನೋಡಿದ್ರಲ್ಲ" ಎಂದಳು ಬುಗುರಿ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತೆ ಅಲ್ಲೇ ಕೂತಿದ್ದರು.

ಗಂಡ ಹಾಂ ಎನ್ನಲಿಲ್ಲ, ಹೂಂ ಎನ್ನಲಿಲ್ಲ, ಎದ್ದು ಹೋದ. ಮರುದಿನ ಅವಳನ್ನು ಮನೆಗೆ ಕರೆದೊಯ್ಯಲು ಬಂದಾಗ ಅವನ ತಲೆ ಬೋಳಾಗಿತ್ತು. ಒಂದು ಗುಂಗುರೂ ಉಳಿದಿರಲಿಲ್ಲ. ಕಿವಿಗಳು ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡವು. ಬುಗುರಿ ನಗಲು ಹೋಗಿ ಅತ್ತಳು.

"ಹೇಗಿದೀನಿ?" ಎಂದು ಕೇಳಿದ.

"ಊದಿದ ಬಲೂನು ಥರ."

ಅವನು ಬಂದು ಪಕ್ಕದಲ್ಲಿ ಕೂತ. ಅವಳಿಗೆ ಸೀನು ಬರಲಿಲ್ಲ.

ಮುಂದೆ ಅಚ್ಚಿನಿಂದ ಬಲೂನು ಬಿಚ್ಚುವ ಜಾಗಕ್ಕೆ ಅತ್ತೆಯೇ ಹೋಗಿ ಕೂತರು. ಹಳೆಯ ಕೈ, ಬೇಗ ಪಳಗಿತು. ಕಾರ್ಖಾನೆಯಲ್ಲೇ ನೀರಿನ ತೊಟ್ಟಿ ಕಟ್ಟಿಸಿ, ತಾಯಿ ಮಗ ಇಬ್ಬರೂ ಅಲ್ಲೇ ಮಿಂದು, ಬಟ್ಟೆ ಬದಲಿಸಿ ಬರತೊಡಗಿದರು. ಚಳಿಯ ದಿನ ಅತ್ತೆ ಗೊಣಗುತ್ತಾರೆ. ಆದರೆ ಮೀಯದೆ ಒಂದು ದಿನವೂ ಬಂದವರಲ್ಲ.

ಬುಗುರಿ ಈಗ ಅಂಗಡಿಗಳ ದೊಡ್ಡ ಗಾಜುಗಳನ್ನೇ ಕತ್ತರಿಸುತ್ತಾಳೆ. ಮೊನ್ನೆ ಆಳೆತ್ತರದ ಹಾಳೆಯೊಂದನ್ನು ಒಂದೇ ಉಸಿರಿಗೆ ಗೀರಿ ಮುಗಿಸಿದಾಗ ಮುದುಕ, "ಸ್ವಲ್ಪ ಕೂತ್ಕೋಮ್ಮ, ಚಹಾ ಬರತ್ತೆ" ಎಂದ.

"ಗಾಜಿನ ಹಿಂದೆ ಬೆಳ್ಳಿ ಬಳಿದು ಕನ್ನಡಿ ಮಾಡ್ತಾರಲ್ಲ, ಅದು ಎಲ್ಲಿ ಕಲಿಸ್ತಾರೆ?" ಎಂದು ಕೇಳಿದಳು ಬುಗುರಿ. ಮುದುಕ ಊರಾಚೆಯ ಒಂದು ಕಾರ್ಖಾನೆಯ ಗುರುತು ಹೇಳುತ್ತಿದ್ದಂತೆಯೇ ಅವಳು ಚಪ್ಪಲಿ ಮೆಟ್ಟಿ ಬೀದಿಗಿಳಿದಿದ್ದಳು.