ಯೆಜ್ಡಿಗೆ ಹಾಲಿನವನ ಹ್ಯಾಂಡಲ್

ಕಾಶಿಗೆ ಬಂದವರು ಏನಾದರೂ ಒಂದನ್ನು ಬಿಡಬೇಕು, ಬಿಟ್ಟದ್ದನ್ನು ಸಾಯುವತನಕ ಮುಟ್ಟಬಾರದು. ತಮಗೆ ಅತ್ಯಂತ ಪ್ರೀತಿಯದ್ದನ್ನೇ ಬಿಡಬೇಕೆಂಬುದು ಪದ್ಧತಿ. ನಮ್ಮ ಜನ ಏನು ಕಡಿಮೆಯೇ? ಹಾಗಲಕಾಯಿ ಬಿಡುತ್ತಾರೆ! ಒಬ್ಬ ಮಹಾರಾಯರಂತೂ ಎರಡನೇ ಸಲ ತುಪ್ಪ ಹಾಕಿಸಿಕೊಂಡು, "ನಾ ಮೂಲಂಗಿ ಬಿಟ್ಟೀನ್ರಿ" ಎಂದು ಕಣ್ಣು ಮುಚ್ಚಿ ಕೈ ಮುಗಿದರು. ಕಾಶಿಯ ನಮ್ಮ ಮಠದ ದಾಸೋಹದಲ್ಲಿ ಇಷ್ಟು ವರ್ಷ ಬಡಿಸಿದ ಶರಣಬಸಮ್ಮ ನಾನು. ಇಂಥವರನ್ನು ನೋಡಿ ನನಗೆ ನಕ್ಕು ನಕ್ಕು ಸಾಕಾಗಿದೆ.

ನಿಜವಾಗಿ ಪ್ರೀತಿಯದ್ದನ್ನು ಬಿಟ್ಟವರನ್ನು ನಾನು ನೋಡಿದ್ದು ಒಬ್ಬರನ್ನೇ. ಹಾವೇರಿ ಕಡೆಯ ಭಕ್ತರು. ತಮ್ಮ ಯೆಜ್ಡಿ ಮೋಟರ್‌ಸೈಕಲ್ಲನ್ನು ರೈಲಿಗೆ ಹಾಕಿಸಿ ತಂದು, ಮಠದ ಅಂಗಳದಲ್ಲಿ ನಿಲ್ಲಿಸಿ, ಟ್ಯಾಂಕಿನ ಮೇಲೆ ಕೈಯಾಡಿಸಿ, ಕಣ್ಣೊರೆಸಿಕೊಂಡು ಹೋದರು. ಅವರು ಬಿಟ್ಟದ್ದನ್ನು ನನ್ನ ಗಂಡ ಹಿಡಿದರು.

ನನ್ನ ಗಂಡ ಅನ್ನದಾನಯ್ಯ. ಗದಗಿನ ಕಡೆಯವರು, ಮಠದ ಅಡುಗೆಯ ಉಸ್ತುವಾರಿ ಅವರದೇ. ದಿನಾ ಬೆಳಿಗ್ಗೆ ಯೆಜ್ಡಿ ಮೇಲೆ ಹೋಗಿ ತರಕಾರಿ ತರುತ್ತಾರೆ. ಹಿಂದಿ ಚೆನ್ನಾಗಿಯೇ ಬರುತ್ತದೆ, ಆದರೆ ಚೌಕಾಶಿ ಮಾತ್ರ ಕನ್ನಡದಲ್ಲಿ. "ತಿಳಿದ ಮಾತಿಗೆ ಯಾರೂ ಅಂಜಂಗಿಲ್ಲ ಬಸಮ್ಮಾ" ಎನ್ನುತ್ತಾರೆ. ತರಕಾರಿಯವರು ಅಂಜುತ್ತಾರೋ ಇಲ್ಲವೋ, ನಗುತ್ತಾ ಎರಡು ಬದನೆಕಾಯಿ ಹೆಚ್ಚಿಗೆ ಹಾಕುತ್ತಾರೆ.

ಆ ಗಾಡಿಯನ್ನು ನಾನು ಬಯ್ಯದ ದಿನವಿರಲಿಲ್ಲ. ಅದರ ಹೊಗೆ, ಅದರ ಸದ್ದು, ಅದಕ್ಕೆ ಇವರು ಮಾಡುವ ಸ್ನಾನ! ಸವತಿಗೂ ಇಷ್ಟು ಸೇವೆ ನಡೆಯಲಿಕ್ಕಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಮಠದಲ್ಲಿ ನಮಗಿರುವುದು ಒಂದೇ ಕೋಣೆ. "ಅಮ್ನೋರ, ಬಿಸಿನೀರು", "ಅಮ್ನೋರ, ವಿಭೂತಿ" ಎಂದು ಬಾಗಿಲು ಬಡಿಯುವವರಿಗೆ ಲೆಕ್ಕವಿಲ್ಲ. ಗಂಡಹೆಂಡತಿ ನಾಲ್ಕು ಮಾತಾಡುವುದು ಬುಧವಾರ ಮಧ್ಯಾಹ್ನ ಮಾತ್ರ, ಯೆಜ್ಡಿ ಮೇಲೆ, ಗಂಗೆಯ ಸೇತುವೆ ದಾಟಿ ಆಚೆ ದಂಡೆಯ ರಾಮನಗರಕ್ಕೆ ಹೋಗಿ ಲಸ್ಸಿ ಕುಡಿದು ಬರುವಾಗ.

ಈ ಚಳಿಗಾಲದಲ್ಲಿ ಗೊದೌಲಿಯಾ ಪೇಟೆಯ ನಡುರಸ್ತೆಯಲ್ಲಿ ಅವರ ಸೊಂಟ ಹಿಡಿದುಕೊಂಡಿತು. ಹ್ಯಾಂಡಲ್ ಮೇಲೆ ಬಾಗಿದವರು ಬಾಗಿದಂತೆಯೇ ಉಳಿದರು. ಪಾನ್ ಅಂಗಡಿಯವರು ಎತ್ತಿ ರಿಕ್ಷಾದಲ್ಲಿ ಕೂಡಿಸಿ ಕಳಿಸಿದರು, ಗಾಡಿಯನ್ನು ಹುಡುಗನೊಬ್ಬನಿಂದ ಹಿಂದೆ ತಳ್ಳಿಸಿದರು. ಇವರು ಅದೇ ಭಂಗಿಯಲ್ಲಿ ಮಠದೊಳಗೆ ಬಂದರೆ, ಎದುರಿಗಿದ್ದ ಭಕ್ತೆಯೊಬ್ಬಳು ತನಗೇ ನಮಸ್ಕಾರ ಮಾಡುತ್ತಿದ್ದಾರೆಂದು ಗಾಬರಿಯಾಗಿ ತಾನೂ ಬಾಗಿದಳು.

ಮಠದ ಮ್ಯಾನೇಜರ್ ಶಂಭುಲಿಂಗಯ್ಯನವರು ಸಂಜೆ ಕರೆದು ಹೇಳಿದರು: "ಅಯ್ನೋರ, ಬಂದವರೆಲ್ಲಾ ಕಾಶಿಯಾಗ ಒಂದೊಂದು ಬಿಟ್ಟು ಹೋಗ್ತಾರ. ನೀವು ಏನೂ ಬಿಟ್ಟಿಲ್ಲ. ಈಗ ಗಾಡಿ ಬಿಡ್ರಿ. ತರಕಾರಿ ರಿಕ್ಷಾದಾಗ ತರಸೋಣು."

ಇವರು ಬಾಗಿಕೊಂಡೇ ಅಡುಗೆಮನೆಗೆ ನಡೆದರು. ಅವತ್ತಿನ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ನಾನು ಕುಣಿದಾಡಬೇಕಾಗಿತ್ತು, ಆದರೆ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೇ? ಅಲ್ಲದೆ ನನ್ನ ಬುಧವಾರವನ್ನು ಬಿಡಿಸಲು ಈ ಮ್ಯಾನೇಜರು ಯಾರು?

ಎಣ್ಣೆ ತಿಕ್ಕಿ ನಾಲ್ಕು ದಿನಕ್ಕೆ ಅವರ ಸೊಂಟ ಸಡಿಲಾಯಿತು. ಅವತ್ತು ಬೆಳಿಗ್ಗೆ ಮಠಕ್ಕೆ ಹಾಲು ಹಾಕುವ ಕೈಲಾಸ ಬಂದ. ಅವನ ಮೋಟರ್‌ಸೈಕಲ್ಲಿನ ಎರಡೂ ಬದಿಗೆ ಕ್ಯಾನು, ನಡುವೆ ಇವನು ಕುದುರೆ ಮೇಲಿನ ಮದುಮಗನಂತೆ ನೆಟ್ಟಗೆ ಕೂತಿದ್ದ. ಅವನ ಹ್ಯಾಂಡಲ್ ಎತ್ತರ, ಹಿಡಿಗಳು ಎದೆಯ ಹತ್ತಿರ ಬಾಗಿದ್ದವು. ನಮ್ಮದೋ, ಹಾವೇರಿಯವರು ಹುಡುಗತನದಲ್ಲಿ ಶೋಕಿಗೆ ಹಾಕಿಸಿದ ಗಿಡ್ಡ ಹ್ಯಾಂಡಲ್. ಅದನ್ನು ಹಿಡಿಯಲು ಬಾಗಲೇಬೇಕು.

"ಕೈಲಾಸ್ ಬೇಟಾ, ಐಸಾ ಹ್ಯಾಂಡಲ್ ಹಮಾರಾ ಗಾಡಿಕೋ ಹೋಗಾ ಕ್ಯಾ?" ಎಂದೆ, ಇಂಥದ್ದು ನಮ್ಮ ಗಾಡಿಗೂ ಆದೀತೇ ಎಂದು. ನನ್ನ ಹಿಂದಿಗೆ ನಕ್ಕವನೇ, "ಕಾಹೇ ನಾ ಹೋಈ ಚಾಚೀ!" ಎಂದ, ಯಾಕಾಗುವುದಿಲ್ಲ ಎಂದು. ಮಧ್ಯಾಹ್ನವೇ ತನ್ನ ಅಪ್ಪನ ಗಾಡಿಯ ಹಳೇ ಹ್ಯಾಂಡಲ್ಲು, ಬೋಲ್ಟು ಬಿಚ್ಚುವ ಪಾನಾ ಎಲ್ಲ ತಂದ.

ನಮ್ಮ ಹ್ಯಾಂಡಲ್ಲಿನ ಹಿಡಿಯ ರಬ್ಬರು ಜಪ್ಪಯ್ಯ ಎಂದರೂ ಕದಲಲಿಲ್ಲ. ಒಳಗೆ ಸಾಬೂನುನೀರು ಬಿಟ್ಟು ತಿರುವಿದ ಮೇಲೆ ಜಾರಿ ಬಂತು. ಬ್ರೇಕು, ಕ್ಲಚ್ಚು ಬಿಚ್ಚಿ, ಬೋಲ್ಟು ತೆಗೆದು, ಗಿಡ್ಡದ್ದನ್ನು ಕೆಳಗಿಳಿಸಿ ಎತ್ತರದ್ದನ್ನು ಕೂಡಿಸಿದ. ಇವರು ಹತ್ತಿ ಕೂತು ಚೀರಿದರು: "ಬಸಮ್ಮಾ, ದಾರಿ ಕಾಣಾಕತ್ತೈತಿ! ಇಷ್ಟು ವರ್ಷ ಬರೇ ಮುಂದಿನ ಗಾಲಿ ನೋಡಿದ್ನಲ್ಲೇ!"

ಗಾಡಿ ಅಂಗಳದಲ್ಲಿ ನೇರವಾಗಿ ಚೆಂದವೇ ಹೋಯಿತು. ಬಿಲ್ವದ ಗಿಡದ ಹತ್ತಿರ ಎಡಕ್ಕೆ ತಿರುಗಿಸಿದರು ನೋಡಿ, ತಾನಾಗಿಯೇ ಗೊರ್‍ರೆಂದು ಅಬ್ಬರಿಸಿ ಮುಂದಕ್ಕೆ ನುಗ್ಗಿತು! ಚಹಾ ಕುಡಿಯುತ್ತಿದ್ದ ಶಂಭುಲಿಂಗಯ್ಯನವರು ಕಪ್ಪು ಹಿಡಿದುಕೊಂಡೇ ಕಟ್ಟೆಗೆ ಹಾರಿದರು. ಆ ವಯಸ್ಸಿನಲ್ಲಿ ಆ ಹಾರಾಟ! ಇವರು ಬ್ರೇಕು ಒತ್ತಿದರು, ಗಿಡ ಉಳಿಯಿತು.

"ನೋಡಿದ್ರೇನು? ಗಾಡಿಗೆ ದೆವ್ವ ಹೊಕ್ಕೈತಿ! ಇನ್ನರ ಬಿಡ್ರಿ!" ಎಂದು ಕಟ್ಟೆಯ ಮೇಲಿಂದಲೇ ಕೂಗಿದರು.

ಕೈಲಾಸ ಹ್ಯಾಂಡಲ್ಲನ್ನು ಮೆಲ್ಲಗೆ ಆಚೆ ಈಚೆ ತಿರುಗಿಸಿ ನೋಡಿ ಹಣೆ ಬಡಿದುಕೊಂಡ. ಹ್ಯಾಂಡಲ್ ಎತ್ತರದ್ದು, ಎಕ್ಸಲೇಟರ್ ವಯರು ಮಾತ್ರ ಗಿಡ್ಡ ಹ್ಯಾಂಡಲ್ಲಿನ ಅಳತೆಯದು. ತಿರುಗಿಸಿದಾಗ ಅದು ಬಿಗಿದು ಎಳೆಯುತ್ತಿತ್ತು, ಗಾಡಿ ಓಡುತ್ತಿತ್ತು. ಮರುದಿನ ಸೋನಾರ್‌ಪುರಾದ ಅಂಗಡಿಯಿಂದ ಉದ್ದನೆಯ ವಯರುಗಳನ್ನು ತಂದು ಹಾಕಿದ. ಆಮೇಲೆ ಎತ್ತ ತಿರುಗಿಸಿದರೂ ಗಾಡಿ ಸಾಧು ಹಸು.

ಶಂಭುಲಿಂಗಯ್ಯನವರಿಗೆ ಇನ್ನೂ ನಂಬಿಕೆಯಿಲ್ಲ. ಎಲ್ಲರ ಮುಂದೆ ಒಂದು ಕರಾರು ಹಾಕಿದರು: "ಅಮ್ನೋರು ಹಿಂದ ಕುಂತು ರಾಮನಗರಕ್ಕ ಹೋಗಿ ಬರ್ಲಿ. ಬಂದಮ್ಯಾಲ ಅವರ ಬಾಯಾಗ ಒಂದು ತಕರಾರು ಬರಬಾರದು. ಬಂತಂದ್ರ, ಗಾಡಿ ಬಿಟ್ಟಂಗ."

ಇಡೀ ಮಠ ಗೊಳ್ಳೆಂದು ನಕ್ಕಿತು. ನನ್ನ ಬಾಯಿ ಯಾರಿಗೆ ಗೊತ್ತಿಲ್ಲ? ಸೂರ್ಯ ಹುಟ್ಟಿದರೂ ಬೇಗ ಹುಟ್ಟಿದ ಎಂದು ತಕರಾರು ತೆಗೆಯುವವಳು. ಇವರ ಮುಖ ಅಲ್ಲೇ ಬಾಡಿತು.

ಹೊರಟೆವು. ಸೇತುವೆ ಮೇಲೆ ಬಂದಾಗ ನನಗೆ ಗೊತ್ತಾಯಿತು, ಮುಂದೆ ಒರಗಲು ಒಂದು ಬೆನ್ನಿದೆ! ಮೊದಲು ಇವರು ಬಾಗಿ ಆಡಿದ ಮಾತೆಲ್ಲ ಟ್ಯಾಂಕಿನ ಮೇಲೇ ಬೀಳುತ್ತಿತ್ತು. ನಾನು ಹೂಂ ಹೂಂ ಎನ್ನುತ್ತಿದ್ದೆ, ಅಷ್ಟೇ. ಈಗ ಒಂದೊಂದು ಮಾತೂ ಕಿವಿಗೆ ಬಿತ್ತು. ನಮ್ಮ ಮದುವೆಯಲ್ಲಿ ನಾನು ಹೋಳಿಗೆ ಕದ್ದು ತಿಂದದ್ದನ್ನು ಇವರು ಅಂದೇ ನೋಡಿದ್ದರಂತೆ! ನಕ್ಕು ನಕ್ಕು ಬೆನ್ನಿಗೆ ಹಣೆ ಹಚ್ಚಿದೆ. ಕೆಳಗೆ ಗಂಗೆ ಬಿಸಿಲಲ್ಲಿ ಹೊಳೆಯುತ್ತಿತ್ತು. ಬಹಳ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ವಾಪಸು ಬಂದಾಗ ಬಾಗಿಲಲ್ಲೇ ಎಲ್ಲರೂ ಕಾದಿದ್ದರು.

"ಏನ್ರಿ ಅಮ್ನೋರ, ತಕರಾರು?" ಎಂದರು ಶಂಭುಲಿಂಗಯ್ಯನವರು.

ಸೀರೆಯ ಅಂಚಿಗೆ ಎಣ್ಣೆ ಹತ್ತಿತ್ತು. ಸೈಲೆನ್ಸರಿಗೆ ಹಿಮ್ಮಡಿ ಸುಟ್ಟಿತ್ತು. ಮೂಗಿನ ತುಂಬ ಹೊಗೆ. ನಾನು ಬಾಯಿ ತೆರೆದೆ. ಇವರು ಕಣ್ಣು ಮುಚ್ಚಿದರು.

"ಒಂದೂ ಇಲ್ರಿ. ಕಾಶಿಯಾಗ ನಾನೂ ಏನೂ ಬಿಟ್ಟಿದ್ದಿಲ್ಲ. ಇವತ್ತ ಬಿಟ್ಟೆ. ಈ ಗಾಡೀನ ಬಯ್ಯೂದು ಬಿಟ್ಟೆ."

"ಹಾಗಲಕಾಯಿ ಬಿಟ್ಟಂಗ ನಡಿಯಂಗಿಲ್ರಿ. ಭಾಳ ಪ್ರೀತಿದ್ದ ಬಿಡಬೇಕು."

"ಬಯ್ಯೂದಕ್ಕಿಂತ ಪ್ರೀತಿದ್ದು ನನಗ ಮತ್ತ ಯಾವುದೈತ್ರಿ?"

ಶಂಭುಲಿಂಗಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಬೀಗದ ಕೈ ಇವರ ಕೈಯಲ್ಲೇ ಉಳಿಯಿತು. ಆವತ್ತಿನಿಂದ ಯೆಜ್ಡಿಗೆ ನಾನು ಒಂದು ಮಾತೂ ಅಂದಿಲ್ಲ. ಕಾಶಿಯಲ್ಲಿ ಬಿಟ್ಟದ್ದು ಬಿಟ್ಟಂತೆಯೇ. ಗಂಡನನ್ನು ಬಯ್ಯುವುದು ಬಿಡುತ್ತೇನೆಂದು ಮಾತ್ರ ನಾನು ಹೇಳಿಲ್ಲ. ಬುಧವಾರ ಬುಧವಾರ ಈಗ ಅವರು ನೆಟ್ಟಗೆ ಕೂತಿರುತ್ತಾರೆ, ಬೈದದ್ದೆಲ್ಲ ಪೂರ್ತಿ ಕೇಳಿಸುತ್ತದೆ.